ಹಿಂದೆ ನಿಲ್ಲುವವಳು ನಮ್ಮಕ್ಕ

ನಮ್ಮಕ್ಕ ಚೆಂಡು ಒದ್ದು ಪಗಾರ ತರುತ್ತಾಳೆ ಎಂಬುದನ್ನು ಮಮದಾಪುರ ನಂಬಿದ್ದು ನಮ್ಮ ಮನೆಗೆ ವಾಷಿಂಗ್ ಮಷೀನ್ ಬಂದ ದಿನ. ಅವತ್ತು ಅರ್ಧ ಓಣಿ ನಮ್ಮ ಹಿತ್ತಲಲ್ಲಿ ಚಾಪೆ ಹಾಸಿಕೊಂಡು ಕೂತು, ಅಪ್ಪನ ಧೋತರ ಗಿರಗಿರ ತಿರುಗುವುದನ್ನು ಸಿನಿಮಾ ನೋಡಿದಂತೆ ನೋಡಿತು. ನಡುವೆ ಮಷೀನ್ ನಿಂತಾಗ ಇಂಟರ್ವಲ್ ಎಂದುಕೊಂಡು ಇಬ್ಬರು ಚಹಾ ಕುಡಿಯಲೂ ಎದ್ದರು. ಬಟ್ಟೆ ಹೊರಗೆ ಬಂದಾಗ ಬಾಜೂ ಮನೆಯ ಅಜ್ಜಿ ಧೋತರ ಹಿಂಡಿ ನೋಡಿ, "ಖರೇನ ತೊಳದೈತಲ್ಲ!" ಎಂದು ತೀರ್ಪು ಕೊಟ್ಟಳು. ಆಮೇಲೆ ಅಕ್ಕನ ಕಡೆ ತಿರುಗಿ, ಊರೆಲ್ಲ ಕೇಳುವ ಪ್ರಶ್ನೆಯನ್ನೇ ಕೇಳಿದಳು.

"ಎಷ್ಟ ಗೋಲ್ ಹೊಡದೀ ಮಗಳ?"

"ನಾ ಹೊಡ್ಯಾಂಗಿಲ್ಲ ಅಜ್ಜಿ. ಹೊಡ್ಯಾಕ ಬಂದೋರನ್ನ ತಡೀತೇನಿ."

"ಅಷ್ಟಕ್ಕ ರೊಕ್ಕಾ ಕೊಡ್ತಾರೇನ?" ಎಂದು ಅಜ್ಜಿ ಬಾಯಿ ತೆರೆದಳು. "ನಾನೂ ದಿನಾ ನಮ್ಮ ಎಮ್ಮಿ ಹೊಲಕ್ಕ ನುಗ್ಗೋದ ತಡೀತೇನಿ. ನನಗ ಯಾರರ ಕೊಟ್ಟಾರ?"

ಅಕ್ಕ ಫುಟ್‌ಬಾಲ್ ಡಿಫೆಂಡರ್. ಗೋಕಾಕದ ಶಾಲೆ ಮೈದಾನದಲ್ಲಿ ಕಲಿತು, ಸ್ಪೋರ್ಟ್ಸ್ ಹಾಸ್ಟೆಲ್ ಸೇರಿ, ಅಲ್ಲಿಂದ ದೂರದ ಕ್ಲಬ್ಬೊಂದಕ್ಕೆ ಹೋದವಳು. ಅವಳ ಇಡೀ ವೃತ್ತಿಜೀವನದಲ್ಲಿ ಹೊಡೆದಿದ್ದು ಒಂದೇ ಗೋಲು, ಅದೂ ತನ್ನದೇ ತಂಡದ ಗೋಲಿನೊಳಗೆ. ಆ ವಿಷಯ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತು. ಅದನ್ನು ಮುಚ್ಚಿಟ್ಟಿದ್ದಕ್ಕೆ ನಾನು ಅವಳಿಂದ ಎರಡು ಜೊತೆ ಶೂ, ಒಂದು ಬ್ಯಾಗು, ಲೆಕ್ಕವಿಲ್ಲದಷ್ಟು ಪಾನಿಪುರಿ ವಸೂಲಿ ಮಾಡಿದ್ದೇನೆ.

ಕ್ಲಬ್ಬಿನಲ್ಲಿ ಅವಳ ಜೊತೆ ಹಿಂದಿನ ಸಾಲಿನಲ್ಲಿ ನಿಲ್ಲುತ್ತಿದ್ದ ಹುಡುಗಿಯರು ಒಬ್ಬೊಬ್ಬರು ಒಂದೊಂದು ರಾಜ್ಯದವರು. ಒಬ್ಬಳ ಭಾಷೆ ಇನ್ನೊಬ್ಬಳಿಗೆ ಬಾರದು. ಆದರೆ ಡಿಫೆಂಡರುಗಳು ಒಟ್ಟಿಗೇ ಮುಂದೆ ಏರಬೇಕು, ಒಟ್ಟಿಗೇ ನಿಲ್ಲಬೇಕು, ಇಲ್ಲದಿದ್ದರೆ ಎದುರಾಳಿ ನಡುವೆ ತೂರಿ ಹೋಗುತ್ತಾಳೆ. ಅಕ್ಕ ಏನು ಮಾಡಿದಳೆಂದರೆ, ಅಪ್ಪ ಎತ್ತು ಹೊಡೆಯುವಾಗ ಕೂಗುವ ಕೂಗನ್ನೇ ಕೂಗಿದಳು. ನಿಲ್ಲಲು "ಹೋ ಹೋ", ನಡೆಯಲು "ಹರ್ರ್". ತಿಂಗಳೊಳಗೆ ಆ ಹುಡುಗಿಯರೆಲ್ಲ ನಮ್ಮ ಎತ್ತುಗಳಿಗಿಂತ ಚೆನ್ನಾಗಿ ಮಾತು ಕೇಳತೊಡಗಿದರಂತೆ. ಅಪ್ಪನಿಗೆ ಇದನ್ನು ಹೇಳಿದಾಗ ಅವನು ಮೂರು ದಿನ ಯಾರ ಜೊತೆಗೂ ನೆಟ್ಟಗೆ ಮಾತಾಡಲಿಲ್ಲ, ಅಷ್ಟು ಹೆಮ್ಮೆ. ಎತ್ತುಗಳಿಗೂ ಎರಡು ಸೂಡು ಹುಲ್ಲು ಹೆಚ್ಚಿಗೆ ಹಾಕಿದ.

ಹೀಗಿರುವಾಗ ಒಂದು ಪಂದ್ಯದಲ್ಲಿ ಅಕ್ಕನ ಎಡ ಮಂಡಿ ಹೋಯಿತು.

ಯಾರೂ ಒದೆಯಲಿಲ್ಲ, ತಳ್ಳಲಿಲ್ಲ. ಓಡುತ್ತಿದ್ದವಳು ಎಡಗಾಲಿನ ಮೇಲೆ ತಿರುಗಿದಳು. ಮೈ ತಿರುಗಿತು, ಮಂಡಿ ತಿರುಗಲಿಲ್ಲ. ಒಳಗಿನ ಲಿಗಮೆಂಟ್ ಹರಿಯಿತು. ಆಪರೇಷನ್ ಆಯಿತು. ಕ್ಲಬ್ಬಿನ ಕರಾರು ಅದೇ ಸೀಸನ್ನಿಗೆ ಮುಗಿಯಿತು, ಅವರು ಇನ್ನೊಂದನ್ನು ಮಾಡಲಿಲ್ಲ. ಅಕ್ಕ ಎರಡು ಬ್ಯಾಗು, ಎರಡು ಊರುಗೋಲು ಹಿಡಿದು ಘಟಪ್ರಭಾ ಸ್ಟೇಷನ್ನಿನಲ್ಲಿ ಇಳಿದಳು. ಕರೆತರಲು ಹೋದ ನಾನು, ಅಳು ತಡೆಯಲಾಗದೆ, "ಇಷ್ಟ ಸ್ಟೈಲಿನಾಗ ನಡ್ಯಾಕ ಎಲ್ಲಿ ಕಲತಿ?" ಎಂದೆ. ಅವಳು ಊರುಗೋಲಿನಿಂದ ನನ್ನ ಹಿಂಬದಿಗೆ ಒಂದು ಕೊಟ್ಟಳು. ಆ ಏಟಿನಲ್ಲಿ ಇನ್ನೂ ಜೋರಿತ್ತು, ಅದರಿಂದ ನನಗೆ ಸಮಾಧಾನವಾಯಿತು.

ಆಮೇಲೆ ಸುಮಾರು ಒಂದು ವರ್ಷ ಅಕ್ಕ ಮನೆಯಲ್ಲಿದ್ದಳು. ಆ ಮಂಡಿಯನ್ನು ನೋಡಲು ಬಂದಷ್ಟು ಜನ ಗೋಕಾಕ ಜಲಪಾತ ನೋಡಲೂ ಬಂದಿರಲಿಕ್ಕಿಲ್ಲ. ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ಎಣ್ಣೆ ಬಾಟಲಿ. ಅವ್ವ ಹುಣಸೆಹಣ್ಣು, ಉಪ್ಪು ಕುದಿಸಿ ಹಚ್ಚಲು ಬಂದಳು. ಅಕ್ಕ ಬೇಡವೆಂದಳು. ಕುದಿಸಿದ್ದನ್ನು ಚೆಲ್ಲಬಾರದೆಂದು ಅವ್ವ ಅದಕ್ಕೆ ಬೇಳೆ ಹಾಕಿ ಸಾರು ಮಾಡಿದಳು. ಆ ಸಾರಿನ ಉಪ್ಪಿಗೆ ಸಮುದ್ರವೂ ನಾಚಬೇಕು.

ಊರುಗೋಲು ಬಿಟ್ಟ ಮೇಲೆ ಅಕ್ಕ ದಿನಾ ಬೆಳಿಗ್ಗೆ ಕಾಲುವೆ ದಂಡೆ ಹಿಡಿದು ನಡೆದಳು, ಆಮೇಲೆ ಓಡಿದಳು. ನಾನು ಸೈಕಲ್ ಮೇಲೆ ಹಿಂದೆ. ಧುಪದಾಳದ ಒಡ್ಡಿನತನಕ ಹೋಗಿ, ನೀರು ಧುಮ್ಮಿಕ್ಕುವುದನ್ನು ನೋಡುತ್ತ ಅವಳು ಕಾಲಿನ ವ್ಯಾಯಾಮ ಮಾಡುವಳು, ನಾನು ಬಾಯಿಯ ವ್ಯಾಯಾಮ. ಸಂಜೆ ಶಾಲೆ ಮೈದಾನದಲ್ಲಿ ಚೆಂಡು ಹಿಡಿದು ನಾನು ಅವಳನ್ನು ದಾಟಬೇಕು, ಅವಳು ತಡೆಯಬೇಕು.

ಮೊದಲ ದಿನ ನಾನು ಅವಳನ್ನು ದಾಟಿದೆ. ಎರಡನೆಯ ದಿನವೂ ದಾಟಿದೆ. ವಾರ ಕಳೆಯುವಷ್ಟರಲ್ಲಿ ಊರೆಲ್ಲ ನನ್ನ ಸುದ್ದಿ, ಹಬ್ಬಿಸಿದವಳೂ ನಾನೇ. "ಪ್ರೊಫೆಶನಲ್ ಡಿಫೆಂಡರನ್ನ ದಾಟೇನಿ, ಇನ್ನ ಕ್ಲಬ್ಬಿನವರು ನಮ್ಮ ಮನೀ ಬಾಗಿಲಿಗಿ ಬರ್ತಾರ," ಎಂದು ಕಾಲೇಜಿನ ಬಸ್ಸಿನಲ್ಲಿ ಭಾಷಣ ಮಾಡಿದೆ. ಕಂಡಕ್ಟರ್ ಟಿಕೆಟ್ ಕೇಳಿದಾಗ ಸಹಿ ಹಾಕಿಕೊಡಲೇ ಎಂದು ಕೇಳಿದೆ.

ಒಂದು ಸಂಜೆ ಮಾತ್ರ ನನಗೆ ಏನೋ ಚುಚ್ಚಿತು. ನಾನು ಯಾವಾಗಲೂ ಅವಳ ಎಡಗಡೆಯಿಂದಲೇ ದಾಟುತ್ತಿದ್ದೆ. ಬಲಗಡೆ ಹೋದರೆ ಅವಳು ಚೆಂಡು ಕಸಿದು, ನನ್ನನ್ನೂ ಎತ್ತಿ ಬದಿಗಿಟ್ಟು ಹೋಗುವಳು. ಎಡಗಡೆ ಹೋದರೆ ಕಾಲು ಅರ್ಧ ಚಾಚಿ, ತಡೆದು, ಬಿಟ್ಟುಬಿಡುವಳು. ನಾನು ಬೇಕಂತಲೇ ಎತ್ತಿನ ಗಾಡಿಯಷ್ಟು ನಿಧಾನವಾಗಿ ಎಡಗಡೆಯಿಂದ ಹೋದೆ. ಆಗಲೂ ಬಿಟ್ಟಳು. ಆ ಸಂಜೆ ಮನೆಗೆ ಹೋಗುವಾಗ ನಾನು ಒಂದೂ ಮಾತಾಡಲಿಲ್ಲ. ಜ್ವರ ಬಂದಿದೆ ಎಂದು ಅವ್ವ ಹಣೆ ಮುಟ್ಟಿ ನೋಡಿದಳು.

ಅಷ್ಟರಲ್ಲಿ ಗೋವಾದ ಒಂದು ಕ್ಲಬ್ಬಿನ ಕೋಚ್ ಫೋನ್ ಮಾಡಿದರು. ಅವರೂ ಒಂದು ಕಾಲದ ಡಿಫೆಂಡರ್, ಹುಟ್ಟಿದ್ದು ಬೆಳಗಾವಿ. ಅವರ ತಂಡದಲ್ಲಿ ಹಿಂದಿನ ಸಾಲಿನ ಒಂದು ಜಾಗ ಖಾಲಿಯಿತ್ತು. "ಡಾಕ್ಟರ್ ಆಡಬಹುದು ಅಂದಾರಂದ್ರ ಸಾಲೂದಿಲ್ಲ. ನೀ ಎದುರಿನಾಕಿಗಿ ಕಾಲ ಹಾಕಿ ಚೆಂಡ ಕಸಗೊಳ್ಳೋದ ನಾ ಕಣ್ಣಿಲೆ ನೋಡಬೇಕು," ಎಂದರಂತೆ. ಪುಣೆಗೆ ಹೋಗುವ ದಾರಿಯಲ್ಲಿ ಅವರು ಒಂದು ರವಿವಾರ ನಮ್ಮ ಕಡೆ ಇಳಿಯುವವರಿದ್ದರು. ಅದೇ ರವಿವಾರ ಮೂಡಲಗಿಯಲ್ಲಿ ಗೋಕಾಕದ ಹುಡುಗಿಯರಿಗೂ ಹುಕ್ಕೇರಿಯ ಹುಡುಗಿಯರಿಗೂ ಪಂದ್ಯ ಇಟ್ಟಿದ್ದರು. ಅಕ್ಕ ಗೋಕಾಕದ ಪರವಾಗಿ ಆಡುವುದೆಂದಾಯಿತು. ಎಡಗಡೆಯ ಡಿಫೆಂಡರ್ ನಾನು. ನನ್ನನ್ನು ಯಾಕೆ ತಗೊಂಡರೆಂದರೆ, ಗೋಕಾಕ ತಾಲೂಕಿನಲ್ಲಿ ನನ್ನಷ್ಟು ಚಂದ ಬೀಳುವವರು ಇನ್ನೊಬ್ಬರಿಲ್ಲ.

ಪಂದ್ಯ ಇಟ್ಟವರು ಮೂಡಲಗಿಯ ಪೈಲ್ವಾನ ಕಾಕಾ. ನಮಗೆ ಸಂಬಂಧಿಕರೇನಲ್ಲ, ಆ ಭಾಗದ ಹುಡುಗಿಯರಿಗೆಲ್ಲ ಅವರು ಕಾಕಾ. ಹರೆಯದಲ್ಲಿ ಕುಸ್ತಿ ಹಿಡಿದವರು. ಅಕ್ಕ ಚಡ್ಡಿ ಹಾಕಿಕೊಂಡು ಆಡಲು ಶುರುಮಾಡಿದ ವರ್ಷ, ಮೈದಾನದ ಅಂಚಿನಲ್ಲಿ ನಿಂತು ಸಿಳ್ಳೆ ಹೊಡೆಯುತ್ತಿದ್ದ ಹುಡುಗರ ನಡುವೆ ಹೋಗಿ ಸುಮ್ಮನೆ ನಿಂತವರು ಇವರೇ. ಬೈಯಲಿಲ್ಲ, ಬಡಿಯಲಿಲ್ಲ, ಮೀಸೆ ತಿರುವಿದರು ಅಷ್ಟೇ. ಆ ಮೀಸೆಯ ಎರಡು ತುದಿಗಳ ನಡುವೆ ಬಟ್ಟೆ ಒಣಹಾಕಬಹುದು. ಸಿಳ್ಳೆ ನಿಂತಿತು. ಅಕ್ಕನ ಮೊದಲ ಬೂಟು ಕೊಡಿಸಿದವರೂ ಅವರೇ.

ಆ ರವಿವಾರ ನಮ್ಮ ಕ್ರೂಸರ್ ಗಾಡಿ ಮೂಡಲಗಿ ಮುಟ್ಟಿದಾಗ ರಸ್ತೆಯಲ್ಲೇ ಹಲಗೆ ಬಾರಿಸುವವರು ನಿಂತಿದ್ದರು. ಮೈದಾನದ ಬಾಗಿಲಿಗೆ ಅಕ್ಕನ ಮುಖವಿದ್ದ ಬ್ಯಾನರ್. ಮುಖವನ್ನು ಎಷ್ಟು ಬೆಳ್ಳಗೆ ಮಾಡಿದ್ದರೆಂದರೆ ಅವ್ವ ನೋಡಿದ್ದರೆ "ಇದ್ಯಾರ ಮಗಳವಾ?" ಎಂದು ಕೇಳುತ್ತಿದ್ದಳು. ಕೋಚ್ ಮೇಡಂ ಆಗಲೇ ಬಂದು ನೀರಿನ ಟ್ಯಾಂಕರ್ ನೆರಳಲ್ಲಿ ನಿಂತಿದ್ದರು. ಅವರನ್ನೂ ಎಳೆದುತಂದು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರಿಸಿ, ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟರು. ಅವರು ಇಡೀ ಪಂದ್ಯ ಆ ಕಾಯಿ ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲೆ ಕೂಸಿನಂತೆ ಹಿಡಿದುಕೊಂಡಿದ್ದರು.

ಆಮೇಲೆ ಪೈಲ್ವಾನ ಕಾಕಾ ತಮ್ಮ ಕೈಯಾರೆ ಅಕ್ಕನ ತಲೆಗೆ ಕೇಸರಿ ಪಟಗಾ ಸುತ್ತಿದರು. ಗೆದ್ದ ಪೈಲ್ವಾನನಿಗೆ ಸುತ್ತುವ ಪಟಗಾ ಅದು, ಹುಡುಗಿಯ ತಲೆಗೆ ಸುತ್ತಿದ್ದು ಅದೇ ಮೊದಲು. ಜನ ಚಪ್ಪಾಳೆ ಹೊಡೆಯುತ್ತಿರುವಾಗಲೇ ಅವರು ನಮ್ಮ ತಂಡದ ಸರ್ ಅವರನ್ನು ಕರೆದು ಕೇಳಿದರು:

"ಈಕಿನ್ನ ಎಲ್ಲಿ ನಿಂದ್ರಸಾಕತ್ತೀರಿ?"

"ಹಿಂದರಿ. ಗೋಲಿನ ಮುಂದ."

"ಹಿಂದ?" ಕಾಕಾ ಮುಖ ಸಣ್ಣದಾಯಿತು. "ಊರ ಕೂಡಿಸಿ ಪಟಗಾ ಕಟ್ಟೇನಿ. ಪಟಗಾ ಕಟ್ಟಿಸ್ಕೊಂಡೋರು ಹಿಂದ ಸರಿಯಾಂಗಿಲ್ರಿ. ಇವತ್ತ ಈಕಿ ಮುಂದ ನಿಂದ್ರಲಿ. ಎಲ್ಲಾರಗಿಂತ ಮುಂದ."

"ಕಾಕಾ, ಅಕಿ ಆಟಾನ ಹಿಂದಿಂದ್ರಿ..."

"ಊಟಕ್ಕ ಕರದ ಬಾಗಿಲಾಗ ಕುಂದ್ರಸ್ತೀರೇನ? ಬ್ಯಾಡ, ಬ್ಯಾಡ. ನನ್ನ ಮಾತ ನಡಸ್ರಿ."

ಸರ್ ಅಕ್ಕನ ಕಡೆ ನೋಡಿದರು. ಅಕ್ಕ ಬಗ್ಗಿ ಕಾಕಾ ಕಾಲು ಮುಟ್ಟಿ, "ಆಗ್ಲಿರಿ ಕಾಕಾ," ಎಂದುಬಿಟ್ಟಳು. ದೊಡ್ಡವರ ಮರ್ಯಾದೆ ಕಾಪಾಡಿದಳು ಎಂದು ಎಲ್ಲರೂ ತಲೆದೂಗಿದರು. ನನಗೆ ಮಾತ್ರ ಅವಳ ಭುಜ ಸ್ವಲ್ಪ ಕೆಳಗಿಳಿದಂತೆ ಕಂಡಿತು. ಪರೀಕ್ಷೆ ಮುಂದಕ್ಕೆ ಹೋಯಿತು ಎಂದು ಕೇಳಿದಾಗ ನನ್ನ ಭುಜ ಹಾಗೇ ಇಳಿಯುತ್ತದೆ.

ಪಟಗಾ ಬಿಚ್ಚದೆ ಹಾಗೇ ಎತ್ತಿ ಬಹುಮಾನದ ಮೇಜಿನ ಮೇಲಿಟ್ಟರು. ಪಂದ್ಯ ಶುರುವಾಯಿತು.

ಮೈಕಿನಲ್ಲಿ ಕೂಗುವವನು ಕಬಡ್ಡಿ ಪಂದ್ಯಗಳಲ್ಲಿ ಕೂಗಿ ಗಂಟಲು ಹದ ಮಾಡಿಕೊಂಡವನು. "ಬಂಧುಗಳೇ, ಗೋಲುಗಳ ಮಳಿ ಸುರಿಸಾಕ ಬಂದಾಳ ನಮ್ಮ ಗೋಕಾಕದ ಸಿಡಿಲಿನ ಮರಿ!" ಎಂದ. ಸಿಡಿಲಿನ ಮರಿ ಎದುರಾಳಿ ಗೋಲಿನ ಹತ್ತಿರ, ಬಸ್ಸು ತಪ್ಪಿದವಳ ಹಾಗೆ ನಿಂತಿದ್ದಳು. ಕಾಲಿಗೆ ಚೆಂಡು ಬಂದರೆ ಅಭ್ಯಾಸಬಲದಿಂದ ತಿರುಗಿ ಹಿಂದಕ್ಕೆ ಕೊಡುವಳು. ಜನ ಹೋ ಎಂದು ತಲೆ ಚಚ್ಚಿಕೊಳ್ಳುವರು. ಎರಡು ಹೆಜ್ಜೆ ಹಿಂದೆ ಬಂದರೆ ಕಾಕಾ ಕುರ್ಚಿಯಿಂದ ಎದ್ದು, "ಮುಂದ ನಿಂದ್ರವಾ! ಮುಂದ!" ಎಂದು ಕೈ ಬೀಸುವರು. ಅವಳು ಮತ್ತೆ ಮುಂದೆ ಹೋಗುವಳು.

ಇತ್ತ ಹಿಂದೆ ನನ್ನ ಗತಿ ಕೇಳಬೇಡಿ. ಹುಕ್ಕೇರಿ ತಂಡದಲ್ಲಿ ಕಣಗಲಾದ ಹುಡುಗಿಯೊಬ್ಬಳಿದ್ದಳು. ಊದಿದರೆ ಹಾರಿಹೋಗುವಷ್ಟು ಸಣ್ಣ. ಹೈವೇ ಬಾಜೂ ಹುಟ್ಟಿದವಳು, ಚಿಕ್ಕಂದಿನಿಂದ ಲಾರಿಗಳ ಜೊತೆ ಓಟ ಕಟ್ಟಿರಬೇಕು. ಮೊದಲ ಸಲ ಅವಳು ನನ್ನನ್ನು ದಾಟಿದಾಗ ನಾನು ಗಾಳಿ ಬೀಸಿತು ಎಂದುಕೊಂಡೆ. ಎರಡನೆಯ ಸಲ ಚೆಂಡು ನನ್ನ ಕಾಲುಗಳ ನಡುವಿನಿಂದ ಹೋಯಿತು. ಅಲ್ಲಿ ಅಷ್ಟು ಜಾಗವಿದೆ ಎಂದು ನನಗೇ ಗೊತ್ತಿರಲಿಲ್ಲ, ಬಾಡಿಗೆಗೆ ಕೊಡಬಹುದಿತ್ತು. ಆ ಚೆಂಡು ಗೋಲಾಯಿತು. ಹೋಗುತ್ತ ಹೋಗುತ್ತ ಅವಳು, "ಥ್ಯಾಂಕ್ಸ್ ಅಕ್ಕಾರ," ಎಂದಳು. ನನಗಿಂತ ಒಂದು ವರ್ಷ ದೊಡ್ಡವಳು ಆಕೆ!

ಕುರ್ಚಿಯ ಕಡೆ ನೋಡಿದೆ. ಕೋಚ್ ಮೇಡಂ ತೆಂಗಿನಕಾಯಿ ಬಗಲಲ್ಲಿ ಇರುಕಿಕೊಂಡು ಫೋನಿನಲ್ಲಿ ರೈಲಿನ ವೇಳೆ ನೋಡುತ್ತಿದ್ದರು.

ವಿರಾಮದಲ್ಲಿ ಎಲ್ಲರೂ ಲಿಂಬು ಶರಬತ್ತಿಗೆ ಮುತ್ತಿದರು. ಅಕ್ಕ ದೂರ ಕೂತು ಬೂಟಿನ ದಾರ ಬಿಚ್ಚಿ ಕಟ್ಟುತ್ತಿದ್ದಳು. ಬಾಜೂ ಹೋಗಿ ಕೂತೆ.

"ಅಕ್ಕಾ, ಹಿಂದ ಬಾ."

"ಕಾಕಾ ಏನಂದ್ರು ಕೇಳಿಲ್ಲೇನ?"

"ಮೇಡಂ ನೀ ಕಾಲ ಹಾಕೋದ ನೋಡಾಕ ಬಂದಾರ. ನೀ ಅಲ್ಲಿ ನಿಂತ ಕಾಗಿ ಹೊಡ್ಯಾಕತ್ತಿ."

"ದೊಡ್ಡವರ ಮಾತ ಮೀರಲೇನ? ಯಾರು ಬೂಟ ಕೊಡ್ಸಿದ್ರು ನನಗ?"

"ಕಾಕಾಗ ಅಂಜಾಕತ್ತಿಲ್ಲ ನೀ. ಆ ಮಂಡಿಗಿ ಅಂಜಾಕತ್ತಿ."

ದಾರ ಕಟ್ಟುತ್ತಿದ್ದ ಕೈ ನಿಂತಿತು.

"ಏನಂದಿ?"

"ಎಡಗಡೆ ಬಂದ್ರ ನನಗ ಸುದ್ಧಾ ಬಿಡ್ತಿ. ನನಗ! ನಾ ಯಾರನ್ನ ದಾಟೇನಿ ಜೀವನದಾಗ? ಬಾಜೂ ಮನಿ ಎಮ್ಮಿ ಸುದ್ಧಾ ನನ್ನ ದಾಟಿ ಹೋಗತೈತಿ."

ಹೊಡೆಯುತ್ತಾಳೆ ಎಂದುಕೊಂಡು ತಲೆ ತಗ್ಗಿಸಿದೆ. ಹೊಡೆಯಲಿಲ್ಲ. ಸಣ್ಣ ದನಿಯಲ್ಲಿ ಹೇಳಿದಳು: "ಅದು ಹರಿಯೋ ಮುಂದ ಸಪ್ಪಳಾ ಬಂತು. ಎಲ್ಲಾರೂ ಬ್ಯಾನಿ ಬಗ್ಗೆ ಕೇಳ್ತಾರ. ಬ್ಯಾನಿ ಅಲ್ಲ. ಆ ಸಪ್ಪಳಾ. ಎಡಗಾಲ ಊರಿದಾಗೊಮ್ಮೆ ಕೇಳತೈತಿ."

ಅವಳ ಬೂಟಿನ ದಾರವನ್ನು ನಾನೇ ಕಟ್ಟಿದೆ. ತಪ್ಪು ಕಟ್ಟಿದೆ, ಅವಳು ಬಿಚ್ಚಿ ಸರಿಯಾಗಿ ಕಟ್ಟಿಕೊಂಡು ಎದ್ದಳು. ನೆಟ್ಟಗೆ ಕಾಕಾ ಕುರ್ಚಿಯ ಹತ್ತಿರ ಹೋದಳು.

"ಕಾಕಾ, ನಾ ಹಿಂದ ನಿಂದ್ರತೇನ್ರಿ."

"ಯಾಕವಾ? ಯಾರರ ಏನರ ಅಂದ್ರೇನ?"

"ಯಾರೂ ಏನೂ ಅಂದಿಲ್ರಿ. ನನಗ ಬರೋದ ಅದ ಒಂದರಿ."

ಕಾಕಾ ಸುತ್ತ ನೋಡಿದರು. ಊರಿನ ಹಿರಿಯರೆಲ್ಲ ಕೇಳಿಸಿಕೊಳ್ಳುತ್ತಿದ್ದರು. "ನಾಳಿ ಮಂದಿ ಏನಂತಾರ? ಕರಸಿ, ಪಟಗಾ ಕಟ್ಟಿ, ಹಿಂದ ನಿಂದ್ರಸಿದ ಅಂತಾರ. ನನ್ನ ಮಾರಿ ಎಲ್ಲಿ ಇಡಲಿ?"

"ಹಂಗಾರ ಪಟಗಾ ಸದ್ಯಕ ನಿಮ್ಮ ಕಡೆ ಇರಲಿ ಕಾಕಾ. ಆಟಾ ಮುಗದ ಮ್ಯಾಲ ನೀವು ಕೊಟ್ರ ತಗೊಂತೇನಿ."

ಕಾಕಾ ಕುರ್ಚಿಯನ್ನು ಸ್ವಲ್ಪ ತಿರುಗಿಸಿಕೊಂಡು ನೀರಿನ ಟ್ಯಾಂಕರ್ ನೋಡುತ್ತ ಕೂತರು. ಆ ಟ್ಯಾಂಕರಿನಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಅಕ್ಕ ಒಂದು ಕ್ಷಣ ಕೈ ಕಟ್ಟಿ ನಿಂತು, ಆಮೇಲೆ ನಮ್ಮ ಗೋಲಿನ ಕಡೆ ನಡೆದಳು. ಜನರಲ್ಲಿ ಗುಸುಗುಸು ಎದ್ದಿತು. ಮೈಕಿನವನು ಕೂಡ ಸುಮ್ಮನಾದ, ಅವನ ಜನ್ಮದಲ್ಲಿ ಅದು ಮೊದಲ ಸಲವಿರಬೇಕು.

ಎರಡನೆಯ ಅರ್ಧ ಶುರುವಾದ ಕೂಡಲೇ ನನ್ನ ಬೆನ್ನ ಹಿಂದೆ "ಹರ್ರ್" ಎಂದು ಕೂಗು ಬಂತು. ನನ್ನ ಕಾಲುಗಳು ನನ್ನನ್ನು ಕೇಳದೆಯೇ ಮುಂದೆ ನಡೆದವು. "ಹೋ ಹೋ" ಎಂದಿತು, ನಿಂತವು. ಎತ್ತುಗಳಿಗೆ ಹೇಗನ್ನಿಸುತ್ತದೆಂದು ಅವತ್ತು ಗೊತ್ತಾಯಿತು. ಬಹಳ ಹಾಯೆನಿಸುತ್ತದೆ, ವಿಚಾರ ಮಾಡುವ ಕೆಲಸವೇ ಇಲ್ಲ.

ಕಣಗಲಾದ ಹುಡುಗಿ ಮತ್ತೆ ನನ್ನನ್ನು ದಾಟಿದಳು, ರೂಢಿಯಂತೆ. ಈ ಸಲ ಅವಳ ಮುಂದೆ ಅಕ್ಕ ಇದ್ದಳು. ಹುಡುಗಿ ಜಾಣೆ. ಒಮ್ಮೆ ಬಲಕ್ಕೆ ತೋರಿಸಿ, ಅಕ್ಕನ ಎಡಗಡೆಗೆ ಚೆಂಡು ತಳ್ಳಿದಳು. ನಾನು ಬಿದ್ದಲ್ಲಿಂದಲೇ ನೋಡುತ್ತಿದ್ದೆ. ಅಕ್ಕನ ಎಡಗಾಲು ನೆಲದಿಂದ ಎದ್ದಿತು. ಊರಬೇಕು, ಊರಿ ಅದರ ಮೇಲೇ ಇಡೀ ಮೈ ತಿರುಗಬೇಕು. ಕಾಲು ಗಾಳಿಯಲ್ಲಿ ಇದ್ದಷ್ಟು ಹೊತ್ತಿನಲ್ಲಿ ನಾನು ಪದವಿ ಮುಗಿಸಿ, ನೌಕರಿ ಹಿಡಿದು, ನಿವೃತ್ತಳಾಗಿ ಬರಬಹುದಿತ್ತು.

ಊರಿದಳು. ತಿರುಗಿದಳು. ಬಲಗಾಲು ಚಾಚಿ ಚೆಂಡನ್ನು ಹುಡುಗಿಯ ಕಾಲಿನಿಂದ, ಅವಳಿಗೆ ಒಂದು ಕೂದಲೂ ತಾಗದಂತೆ, ಗೆರೆಯಾಚೆ ದೂಡಿದಳು.

ಮೈಕಿನವನಿಗೆ ಇದಕ್ಕೆ ಏನನ್ನಬೇಕೆಂದೇ ತಿಳಿಯಲಿಲ್ಲ. "ಏನೂ ಆಗಲಿಲ್ಲ ಬಂಧುಗಳೇ," ಎಂದ, "ಏನೂ ಆಗಲಿಲ್ಲ!"

ನಾನು ಮಲಗಿದಲ್ಲೇ ನಗತೊಡಗಿದೆ. ಅಕ್ಕನ ಕೆಲಸವನ್ನು ಇಷ್ಟು ಸರಿಯಾಗಿ ಯಾರೂ ಹೇಳಿರಲಿಲ್ಲ. ಅವತ್ತು ಪಂದ್ಯ ಮುಗಿಯುವತನಕ ಎಡಗಡೆ ಏನೂ ಆಗಲಿಲ್ಲ. ಮತ್ತೆ ಮತ್ತೆ ಆಗಲಿಲ್ಲ. ಒಂದು ಸಲ ಮಾತ್ರ ಇಬ್ಬರೂ ಚೆಂಡಿಗೆ ಒಟ್ಟಿಗೇ ಬಿದ್ದಾಗ ಅಕ್ಕ ಏಳುವುದು ತಡವಾಯಿತು. ನಾನು ಓಡಿಹೋದೆ. "ಸಪ್ಪಳಾ ಬಂತೇನ?" ಎಂದೆ. "ಇಲ್ಲ. ನಿನ್ನ ಜಾಗಾಕ ಹೋಗ," ಎಂದಳು. ಹಲ್ಲು ಕಚ್ಚಿದ್ದಳು.

ಪಂದ್ಯ ನಾವು ಸೋತೆವು, ನನ್ನ ಕಾಲುಗಳ ನಡುವಿನಿಂದ ಹೋದ ಆ ಒಂದೇ ಗೋಲಿಗೆ. ಕೋಚ್ ಮೇಡಂ ಅಕ್ಕನನ್ನು ಬದಿಗೆ ಕರೆದರು. ನಾನು ನೀರು ಕೊಡುವ ನೆಪದಲ್ಲಿ ಹತ್ತಿರ ನಿಂತೆ.

"ಮೊದಲ ಅರ್ಧಾ ಅಲ್ಲಿ ಯಾಕ ನಿಂತಿದ್ದಿ ಅಂತ ನಾ ಕೇಳಾಂಗಿಲ್ಲ," ಎಂದರು ಅವರು. "ನಾನೂ ಇದ ಜಿಲ್ಲಾದಾಕಿ. ಎರಡನೇ ಅರ್ಧಾ ನೋಡೇನಿ, ಸಾಕು. ನಾಳಿ ಮುಂಜಾನೆ ಎದ್ದ ಕೂಡ್ಲೆ ಮಂಡಿ ನೋಡ್ಕೊಂಡ ಫೋನ್ ಮಾಡ. ಊದಿರಲಿಲ್ಲ ಅಂದ್ರ ಬುಧವಾರ ಕ್ಯಾಂಪಿಗಿ ಬಾ. ಊದಿತ್ತಂದ್ರ ಈ ಸೀಸನ್ ಬ್ಯಾಡ. ಖರೆ ಹೇಳಬೇಕ ಮತ್ತ."

ಹಾಗೆಂದು ತೆಂಗಿನಕಾಯಿಯನ್ನು ನನ್ನ ಕೈಗೆ ತುರುಕಿ ಆಟೋ ಕಡೆ ನಡೆದರು. ನಡೆಯುವಾಗ ಅವರ ಬಲಗಾಲು ಸ್ವಲ್ಪ ಎಳೆಯುತ್ತಿತ್ತು.

ಅಕ್ಕ ಕಾಕಾಗೆ ಹೇಳಿ ಹೋಗಬೇಕೆಂದು ಹುಡುಕಿದಳು. ಬಹುಮಾನದ ಮೇಜು ಖಾಲಿಯಾಗಿತ್ತು. ಪಟಗಾವನ್ನು ಕಾಕಾ ಮಡಿಚಿಕೊಂಡು ಮನೆಗೆ ಹೋದರೆಂದು ಕುರ್ಚಿ ಎತ್ತುತ್ತಿದ್ದವನು ಹೇಳಿದ. ಅಕ್ಕ ಖಾಲಿ ಮೇಜಿನ ಮುಂದೆ ನಿಂತುಕೊಂಡಳು. ಗಾಡಿಯವನು ಹಾರ್ನ್ ಹೊಡೆದು ಹೊಡೆದು ಬ್ಯಾಟರಿ ಇಳಿಸಿದ ಮೇಲೆ ಬಂದು ಹತ್ತಿದಳು. ಗೋಕಾಕದತನಕ ಯಾರೂ ಹಾಡಲಿಲ್ಲ.

ಮರುದಿನ ಬೆಳಿಗ್ಗೆ ನಾನು ಎದ್ದು ಬಂದಾಗ ಅಕ್ಕ ಮೆಟ್ಟಿಲ ಮೇಲೆ, ಪೈಜಾಮ ಮೇಲಕ್ಕೆ ಸರಿಸಿ, ಎರಡೂ ಕಾಲು ಬಿಸಿಲಿಗೆ ಚಾಚಿ ಕೂತಿದ್ದಳು. ಬಲ ಮಂಡಿಯ ಚಿಪ್ಪಿನ ಬದಿಗೆ ಸಣ್ಣ ತಗ್ಗಿತ್ತು. ಎಡ ಮಂಡಿಯಲ್ಲಿ ಇರಲಿಲ್ಲ. ಅಷ್ಟೇ. ಗೊತ್ತಿಲ್ಲದವರಿಗೆ ಕಾಣುವಂಥದ್ದಲ್ಲ. ನಮಗೆ ವರ್ಷದಿಂದ ಅದೇ ಮಂಡಿ ನೋಡಿ ಗೊತ್ತಿತ್ತು.

ಅಪ್ಪ ಬಂದು, ಎತ್ತಿನ ಕಾಲು ಮುಟ್ಟಿ ನೋಡುವ ಹಾಗೆ ಅಂಗೈಯಿಂದ ಮುಟ್ಟಿದ. ಎದ್ದು ಕೊಟ್ಟಿಗೆಗೆ ಹೋದ. ಅವ್ವ ಒಲೆಯ ಮುಂದಿನಿಂದಲೇ, "ಗಾಡ್ಯಾಗ ಇಕ್ಕಟ್ಟಾಗಿ ಕುಂತಿದ್ದಿ, ಅದಕ್ಕ ಹಂಗಾಗೈತಿ. ಮಧ್ಯಾಹ್ನ ಅನ್ನೋದರಾಗ ಇಳೀತೈತಿ," ಎಂದಳು. ಸಾರಿನ ಪಾತ್ರೆಯ ಸೌಟು ಅವಳ ಕೈಯಲ್ಲಿ ನಿಂತೇ ಇತ್ತು.

"ಊದಿಲ್ಲ ಅಂತ ಹೇಳ," ಎಂದೆ ನಾನು. "ಬುಧವಾರದ ತನಕ ಯಾರಿಗಿ ಗೊತ್ತಾಗತೈತಿ? ನಾ ಮಾತಾಡ್ಲೇನ? ನಿನ್ನ ದನೀನ ತಗದ ಮಾತಾಡ್ತೇನಿ. ಮೇಡಂಗ ನಿನ್ನ ಮಂಡಿ ಅಂದ್ರ ಬೆಣ್ಣಿ ಉಂಡಿ ಅನಸಬೇಕ, ಹಂಗ ವರ್ಣನಾ ಮಾಡ್ತೇನಿ."

"ಮತ್ತ ಅಲ್ಲಿ ಹೋಗಿ ಹರಿದ್ರ?"

"ಹರಿಯಾಂಗಿಲ್ಲ."

"ನೀ ಹೇಳಿದ್ರ ಆತು?"

ಅವಳು ಫೋನ್ ಹಚ್ಚಿದಳು. ನಾನು ಕಿವಿಯನ್ನು ಅವಳ ಕಿವಿಗೆ ಒತ್ತಿದೆ.

"ಮೇಡಂ, ಊದೈತ್ರಿ."

ಆ ಕಡೆ ರೈಲಿನ ಸದ್ದು, ಚಹಾದವನ ಕೂಗು. ಆಮೇಲೆ: "ಭಾಳ?"

"ಸ್ವಲ್ಪರಿ. ಚಿಪ್ಪಿನ ಬಾಜೂ ತಗ್ಗ ಕಾಣಾಕತ್ತಿಲ್ರಿ."

"ಹೂಂ. ಡಾಕ್ಟರಿಗಿ ತೋರ್ಸ. ಆ ಜಾಗಾಕ ನಾ ಬ್ಯಾರೇದಾಕಿನ್ನ ತಗೊಂತೇನಿ ಈ ಸಲ. ನಿನಗ ಅದನ್ನೂ ಖರೆ ಹೇಳಬೇಕಲ್ಲ. ಮುಂದಿಂದ ನಾ ಮಾತ ಕೊಡಾಂಗಿಲ್ಲ. ಆದ್ರ ನಿನ್ನ ನಂಬರ್ ಅಳಸಾಂಗಿಲ್ಲ."

"ಆತ್ರಿ ಮೇಡಂ."

ಫೋನ್ ಇಟ್ಟು ಅಕ್ಕ ಬಹಳ ಹೊತ್ತು ತನ್ನ ಎರಡು ಕಾಲುಗಳನ್ನೂ ನೋಡುತ್ತ ಕೂತಳು, ಯಾವುದೋ ಅಂಗಡಿಯಲ್ಲಿ ಆರಿಸುವವಳ ಹಾಗೆ. ಆಮೇಲೆ, "ಬರ್ಫ ತಗೊಂಡ ಬಾ," ಎಂದಳು.

ಸೈಕಲ್ ಹತ್ತಿ ಬಸ್ ಸ್ಟ್ಯಾಂಡಿನ ಕಬ್ಬಿನ ಹಾಲಿನ ಅಂಗಡಿಗೆ ಹೋದೆ. ಅಂಗಡಿಯ ಮುದುಕ ಗೋಣಿಚೀಲ ಸರಿಸಿ ಬರ್ಫ ಒಡೆಯುತ್ತ ಒಡೆಯುತ್ತ ಕೇಳಿದ:

"ನಿನ್ನಿ ಮೂಡಲಗ್ಯಾಗ ಪೈಲ್ವಾನ್ರು ಪಟಗಾ ಕಟ್ಟಿ ಮುಂದ ನಿಂದ್ರಸಿದ್ರಂತ, ನಿಮ್ಮಕ್ಕ ಹೊಳ್ಳಿ ಹಿಂದ ಹ್ವಾದಳಂತ? ಸುದ್ದಿ ಬಂದೈತಿ ಇಲ್ಲಿತನಾ. ಯಾಕ ಬೇ, ಸೊಕ್ಕೇನ?"

ಬೇರೆ ದಿನವಾಗಿದ್ದರೆ ಅಷ್ಟು ದೊಡ್ಡ ಪ್ರಶ್ನೆಗೆ ನಾನು ಅಲ್ಲೇ ಸ್ಟೂಲು ಎಳೆದುಕೊಂಡು ಕೂರುತ್ತಿದ್ದೆ. ಮೂಡಲಗಿಯ ಅರ್ಧ ಊರು ಅತ್ತಿತು ಎನ್ನುತ್ತಿದ್ದೆ, ಪೊಲೀಸರು ಬಂದರು ಎನ್ನುತ್ತಿದ್ದೆ, ಕಬ್ಬಿನ ಹಾಲು ಪುಕ್ಕಟೆ ಸಿಗುತ್ತಿತ್ತು.

"ಡಿಫೆಂಡರ್ ಅದಾಳ್ರಿ ಅಕಿ," ಎಂದೆ. "ಹಿಂದ ನಿಂದ್ರಬೇಕಾಗತೈತ್ರಿ."

ಮುದುಕ ಇನ್ನೂ ಏನಾದರೂ ಬಂದೀತೆಂದು ಕಾದ. ಬರಲಿಲ್ಲ. ಬರ್ಫವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕೊಟ್ಟ.

ಮನೆ ಮುಟ್ಟುವಾಗ ಚೀಲ ಅರ್ಧ ನೀರಾಗಿತ್ತು. ಅಕ್ಕ ಮೆಟ್ಟಿಲ ಮೇಲೇ ಇದ್ದಳು. ಟವೆಲಿನಲ್ಲಿ ಸುತ್ತಿ ಎಡ ಮಂಡಿಯ ಮೇಲಿಟ್ಟೆ. ಅವಳು ಕಣ್ಣು ಮುಚ್ಚಿದಳು.

"ಭಾಳ ತಂಪ ಆತೇನ? ತಗೀಲೇನ?" ಎಂದೆ.

"ಬ್ಯಾಡ. ಗಟ್ಟಿ ಒತ್ತಿ ಹಿಡಿ."

ಎರಡೂ ಕೈಯಿಂದ ಒತ್ತಿ ಹಿಡಿದೆ.